ಬೀಗದಣ್ಣನ ಮೂರನೇ ಕೀಮೋ

ಬೀಗದಣ್ಣನಿಗೆ ಮಲದಲ್ಲಿ ರಕ್ತ ಹೋಗಲು ಶುರುವಾಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಹೇಳುವುದಾದರೂ ಹೇಗೆ? ತಲೆನೋವು, ಹಲ್ಲುನೋವು ಎಂದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಇದನ್ನು ಹೆಂಡತಿಯ ಮುಂದೆ ಹೇಳುವುದಕ್ಕೂ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಅವನಿಗೆ ಮೂವತ್ತೆಂಟು ವರ್ಷ. ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಒಂದು ಮಂಚದಷ್ಟೇ ಅಗಲದ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಕೆಟ್ಟ ಬೀಗ ಸರಿ ಮಾಡುವುದು, ಕಳೆದುಹೋದ ಕೀಲಿಗೆ ಬದಲು ಇನ್ನೊಂದನ್ನು ಉಜ್ಜಿ ಕೊಡುವುದು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ಪೇಚಾಡುತ್ತಾ ನಿಂತವರ ಮನೆ ತೆಗೆದುಕೊಡುವುದು ಅವನ ಕೆಲಸ. ತಂತಿ ತೂರಿಸಿ, ಕಣ್ಣು ಮುಚ್ಚಿಕೊಂಡು, ಬೀಗದ ಒಳಗೆ ಏನಾಗಿದೆ ಎಂಬುದನ್ನು ಬೆರಳ ತುದಿಯಲ್ಲೇ ತಿಳಿದುಕೊಳ್ಳುತ್ತಿದ್ದ. ಓಣಿಯವರು ಅವನಿಗೆ ಬೀಗದಣ್ಣ ಎಂದೇ ಹೆಸರಿಟ್ಟಿದ್ದರು. "ಊರಿಗೆಲ್ಲ ಬೀಗ ಹಾಕ್ತೀಯ, ನಿನ್ನ ಬಾಯಿಗೊಂದು ಹಾಕ್ಕೊಳ್ಳೋ ಮಾರಾಯ" ಎಂದು ನಗುತ್ತಿದ್ದರು. ಅಷ್ಟು ಮಾತುಗಾರ. ಅಂಥವನು ಇದೊಂದು ವಿಷಯಕ್ಕೆ ಮಾತ್ರ ತುಟಿ ಬಿಚ್ಚಿರಲಿಲ್ಲ.

ಔಷಧಿ ಅಂಗಡಿಯವನನ್ನು ಮಾತ್ರ, ಅದೂ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಪಿಸುಮಾತಿನಲ್ಲಿ ಕೇಳಿದ್ದ. "ದಿನವಿಡೀ ಸ್ಟೂಲ್ ಮೇಲೆ ಕೂತಿರ್ತೀಯಲ್ಲ, ಪೈಲ್ಸ್ ಇರ್ಬೇಕು" ಎಂದು ಅವನೊಂದು ಮುಲಾಮು ಕೊಟ್ಟ. ಬೀಗದಣ್ಣ ಅದನ್ನೇ ನಂಬಿಕೊಂಡ. ನಿಜವಾಗಿ ನಂಬಿಕೆ ಬಂದಿತ್ತು ಎಂದಲ್ಲ, ನಂಬಿದರೆ ನಿದ್ದೆ ಬರುತ್ತಿತ್ತು. ಈ ನಡುವೆ ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಕೊರೆಯಬೇಕಾಯಿತು. ಬೆಳಗ್ಗೆ ನಾಲ್ಕು ಸಲ ಹೋಗಿಬಂದರೂ ಇನ್ನೂ ಹೋಗಬೇಕು ಎನಿಸುತ್ತಿತ್ತು. ಹೊಟ್ಟೆ ಹಿಂಡುತ್ತಿತ್ತು.

ಒಂದು ಮಧ್ಯಾಹ್ನ ಯಾರದೋ ಮೂರನೇ ಮಹಡಿಯ ಮನೆಯ ಬೀಗ ತೆಗೆಯಲು ಹೋದವನು ಮೆಟ್ಟಿಲ ಮೇಲೇ ಕಣ್ಣಿಗೆ ಕತ್ತಲೆ ಬಂದು ಕುಸಿದ. ಮನೆಯವರು ನೀರು ಚಿಮುಕಿಸಿ, ಅವನ ಫೋನಿನಿಂದಲೇ ಹೆಂಡತಿಗೆ ಸುದ್ದಿ ಮುಟ್ಟಿಸಿದರು. ಅವಳು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೈಗೆ ಹತ್ತಿದ ಮಸಿಯನ್ನೂ ಒರೆಸಿಕೊಳ್ಳದೆ ಓಡಿಬಂದಳು. ಆ ಮೆಟ್ಟಿಲ ಮೇಲೆ ಕೂತೇ ಅವನು ಎಲ್ಲ ಹೇಳಿಬಿಟ್ಟ.

"ಐದು ತಿಂಗಳಾ?" ಎಂದಳು ಅವಳು. "ಒಂದೇ ಮನೇಲಿ ಇದ್ಕೊಂಡು, ಐದು ತಿಂಗಳು ನನಗೆ ಹೇಳ್ಲಿಲ್ವಾ ನೀವು?"

ಮರುದಿನವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮೈಯಲ್ಲಿ ರಕ್ತ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡಿದಾಗ ದೊಡ್ಡ ಕರುಳಿನಲ್ಲಿ ಒಂದು ಗಡ್ಡೆ ಕಂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದೆ ಎಲ್ಲವೂ ಬೇಗ ಬೇಗ ನಡೆದುಹೋಯಿತು. ಆಪರೇಷನ್ ಆಗಿ, ಗಡ್ಡೆ ಇದ್ದ ಭಾಗವನ್ನು ತೆಗೆದು ಕರುಳನ್ನು ಮತ್ತೆ ಜೋಡಿಸಿದರು. ಹೊಲಿಗೆ ಮಾಯುವ ಹೊತ್ತಿಗೆ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಇದು ಕ್ಯಾನ್ಸರ್. ಅದರಲ್ಲೂ ಅಪರೂಪದ ಜಾತಿ" ಎಂದರು. "ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಇದರ ಕಣಗಳು ಉಂಗುರದ ಹಾಗೆ ಕಾಣ್ತವೆ. ಕರುಳಿನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಒಬ್ಬರಿಗೆ ಬಂದ್ರೆ ಹೆಚ್ಚು. ಚಿಕ್ಕ ವಯಸ್ಸಿನವರಿಗೂ ಬರುತ್ತೆ. ಬೇಗ ಹರಡುತ್ತೆ. ಕಣ್ಣಿಗೆ ಕಂಡಿದ್ದನ್ನೆಲ್ಲ ತೆಗೆದಿದ್ದೀವಿ. ಆದರೆ ಕರುಳಿನ ಅಕ್ಕಪಕ್ಕದ ಗ್ರಂಥಿಗಳಲ್ಲೂ ಆ ಕಣಗಳು ಸಿಕ್ಕಿವೆ. ಕಾಣದ ಹಾಗೆ ಇನ್ನೆಲ್ಲೋ ಉಳಿದಿರಬಹುದು. ಅದಕ್ಕೇ ಕೀಮೋ. ಎರಡು ವಾರಕ್ಕೆ ಒಂದು ಸಲ, ಹನ್ನೆರಡು ಸಲ."

"ಆಮೇಲೆ ವಾಸಿ ಆಗುತ್ತಾ ಮೇಡಂ?" ಹೆಂಡತಿ ಕೇಳಿದಳು.

"ಗ್ಯಾರಂಟಿ ಕೊಡಲಾರೆ. ಆದರೆ ಕೀಮೋ ತಗೊಂಡ್ರೆ ಮತ್ತೆ ಬರದೇ ಇರೋ ಸಾಧ್ಯತೆ ಹೆಚ್ಚು. ಬಿಟ್ರೆ, ಇದು ನಮಗೋಸ್ಕರ ಕಾಯೋ ಕಾಯಿಲೆ ಅಲ್ಲ."

ಬೀಗದಣ್ಣ ಹೊರಗೆ ಬಂದ. ಆಸ್ಪತ್ರೆಯ ಗೇಟಿನ ಮುಂದೆ ಜನ ಬಸ್ಸು ಹಿಡಿಯಲು ಓಡುತ್ತಿದ್ದರು. ಇವರಿಗೆಲ್ಲ ಏನೂ ಆಗಿಲ್ಲವಲ್ಲ ಎಂದು ಅವನಿಗೆ ಅಚ್ಚರಿಯಾಯಿತು.

ಅವನಿಗೊಬ್ಬಳು ಅಕ್ಕ. ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಇವನನ್ನು ಸಾಕಿದವಳು ಅವಳೇ. ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ಎರಡು ಬೀದಿ ಆಚೆ ಮನೆ. ಕೀಮೋ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಬಾಗಿಲಲ್ಲೇ ತಮ್ಮನ ಕೈ ಹಿಡಿದುಕೊಂಡಳು.

"ಬೇಡ ಕಣೋ. ಆಪರೇಷನ್ ಆಯ್ತಲ್ಲ, ಸಾಕು. ಆ ಔಷಧಿ ಮಾತ್ರ ಬೇಡ. ನಿಮ್ಮ ಭಾವ ಹೇಗಿದ್ರು, ನೀನೇ ನೋಡಿದ್ದೀಯಲ್ಲ? ನಡ್ಕೊಂಡು ಹೋದ ಮನುಷ್ಯ. ಮೂರೇ ಮೂರು ಕೀಮೋ. ಆ ಔಷಧೀನೇ ಅವರನ್ನ ತಿಂದುಹಾಕ್ತು."

ಮೂರು ವರ್ಷದ ಹಿಂದೆ ಭಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಬೀಗದಣ್ಣನ ಹೆಂಡತಿ ಗಟ್ಟಿಯಾಗಿ ನಿಂತಳು. "ಅತ್ತಿಗೆ, ಡಾಕ್ಟರ್ ಹೇಳಿದ್ದನ್ನ ಮಾಡೋಣ. ಒಂದು ಸಲ ಶುರು ಮಾಡಿ ನೋಡೋಣ" ಎಂದಳು.

ಕೀಮೋ ಕೊಡುವ ವಾರ್ಡಿನಲ್ಲಿ ಸಾಲಾಗಿ ಒರಗುಕುರ್ಚಿಗಳಿದ್ದವು. ಪ್ರತಿ ಕುರ್ಚಿಯ ಪಕ್ಕ ಒಂದು ಕಂಬ, ಕಂಬಕ್ಕೆ ನೇತುಹಾಕಿದ ಬಾಟಲಿ. ಯಾರೂ ಕಿರುಚುತ್ತಿರಲಿಲ್ಲ. ಒಬ್ಬಾಕೆ ಹೆಣಿಗೆ ಹೆಣೆಯುತ್ತಿದ್ದಳು. ಒಬ್ಬ ಮುದುಕರು ಗೊರಕೆ ಹೊಡೆಯುತ್ತಿದ್ದರು. ಅಲ್ಲಿನ ನರ್ಸಮ್ಮ ದಪ್ಪ ಕನ್ನಡಕದವರು. ಎಲ್ಲರೂ ಅವರನ್ನು ಕನ್ನಡಕದ ಸಿಸ್ಟರ್ ಎನ್ನುತ್ತಿದ್ದರು. ಬೀಗದಣ್ಣನ ಎದೆಯ ಚರ್ಮದ ಕೆಳಗೆ ಔಷಧಿ ನೇರ ರಕ್ತನಾಳಕ್ಕೆ ಇಳಿಯಲೆಂದು ಗುಂಡಿಯಷ್ಟು ದಪ್ಪದ ಒಂದು ಪೋರ್ಟ್ ಇಟ್ಟಿದ್ದರು. ಸಿಸ್ಟರ್ ಅದಕ್ಕೆ ಸೂಜಿ ಚುಚ್ಚಿ ಔಷಧಿ ಹರಿಯಬಿಟ್ಟರು. ಸಂಜೆ, ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲದಲ್ಲಿ ಒಂದು ಪುಟ್ಟ ಬಾಟಲಿ ಇಟ್ಟು ಕೊಟ್ಟರು. ಉಳಿದ ಔಷಧಿ ಅದರಿಂದ ಎರಡು ದಿನ ಸಣ್ಣಗೆ ಮೈಗೆ ಇಳಿಯುತ್ತಿರುತ್ತದೆ. ಮೂರನೇ ದಿನ ಬಂದು ತೆಗೆಸಿಕೊಂಡರಾಯಿತು.

"ಬೀಗದಣ್ಣಾವ್ರೇ, ಇಲ್ಲಿ ಕೇಳಿ" ಎಂದರು ಸಿಸ್ಟರ್. "ತಣ್ಣೀರು ಮುಟ್ಟಬೇಡಿ, ಕುಡೀಬೇಡಿ. ವಾಂತಿ ಬಂದ್ರೆ ಮಾತ್ರೆ ಇದೆ. ಭೇದಿ ಜಾಸ್ತಿ ಆದ್ರೆ, ಬಾಯಲ್ಲಿ ಹುಣ್ಣಾದ್ರೆ ಫೋನ್ ಮಾಡಿ. ಜ್ವರ ಬಂದ್ರಂತೂ..." ಅಷ್ಟರಲ್ಲಿ ಆಚೆ ಕುರ್ಚಿಯವರು ಕೂಗಿದರು. "ಎಲ್ಲ ಇದರಲ್ಲಿ ಬರೆದಿದೆ, ಓದ್ಕೊಳ್ಳಿ" ಎಂದು ಒಂದು ಕಾಗದ ಕೊಟ್ಟು ಅತ್ತ ಹೋದರು. ಬೀಗದಣ್ಣ ಕಾಗದ ಮಡಿಸಿ ಜೇಬಿಗಿಟ್ಟ. ಅದರಲ್ಲಿ ಏನು ಬರೆದಿದೆಯೋ ಎಂಬ ಹೆದರಿಕೆಗೇ ಅದನ್ನು ಬಿಚ್ಚಲಿಲ್ಲ.

ಮೊದಲನೆಯದು ಹೇಗೋ ಕಳೆಯಿತು. ಎರಡನೆಯದು ಮುಗಿದ ಮೂರನೇ ದಿನ, ಸೆಕೆ ತಡೆಯದೆ, ಮರೆತು ಫ್ರಿಜ್ಜಿನಿಂದ ಬಾಟಲಿ ತೆಗೆದು ಗಟಗಟ ಕುಡಿದುಬಿಟ್ಟ. ಗಂಟಲಿಗೆ ಯಾರೋ ಸಾವಿರ ಸೂಜಿ ಚುಚ್ಚಿದಂತಾಯಿತು. ಮರುಕ್ಷಣ ಗಂಟಲೇ ಮುಚ್ಚಿಹೋದಂತೆ, ಉಸಿರು ಒಳಗೂ ಹೋಗದೆ ಹೊರಗೂ ಬಾರದೆ ನಿಂತಂತೆ. ಗೋಡೆಗೆ ಕೈಕೊಟ್ಟು ಕೂತ. ಸತ್ತೇ ಹೋದೆ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಸಡಿಲವಾಯಿತು. ಆದರೆ ಜೀವ ಬಾಯಿಗೆ ಬಂದಿದ್ದು ಕೆಳಗೆ ಇಳಿಯಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆದು ಕೀಲಿಗಳ ಗೊಂಚಲು ಹಿಡಿದ. ಬೆಳಗಿನ ತಂಪಿಗೆ ಕಬ್ಬಿಣ ತಣ್ಣಗಿತ್ತು. ಕರೆಂಟು ಹೊಡೆದಂತೆ ಬೆರಳುಗಳು ಜುಮ್ಮೆಂದವು. ಗೊಂಚಲು ಕೈಜಾರಿ ಬಿತ್ತು. ಎತ್ತಿಕೊಂಡು ಒಂದು ಬೀಗಕ್ಕೆ ತಂತಿ ತೂರಿಸಿದ. ಬೆರಳ ತುದಿಗೆ ಏನೂ ತಿಳಿಯಲಿಲ್ಲ, ದಪ್ಪ ಬಟ್ಟೆಯ ಮೇಲಿಂದ ಮುಟ್ಟಿದ ಹಾಗಿತ್ತು. ಇಪ್ಪತ್ತು ವರ್ಷ ಅನ್ನ ಹಾಕಿದ ಬೆರಳುಗಳು. ಇವೇ ಹೋದರೆ ಬದುಕಿ ಮಾಡುವುದೇನು? ಅವನು ಸ್ಟೂಲಿನ ಮೇಲೆ ಕೂತು ಅತ್ತ. ಗಿರಾಕಿಯೊಬ್ಬರು ಬಂದವರು ಏನೂ ಕೇಳದೆ ಹಾಗೇ ಹೊರಟುಹೋದರು.

ಆ ಸಂಜೆ ಅಕ್ಕ ಬಂದಾಗ ಅವನೇ ಹೇಳಿದ: "ಅಕ್ಕಾ, ಮೂರನೇದಕ್ಕೆ ನಾನು ಹೋಗಲ್ಲ."

ಅಕ್ಕ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದಳು. ಯಾರೋ ಕೊಟ್ಟ ಪುಡಿ. ಎಂಥ ಗಡ್ಡೆಯನ್ನೂ ಕರಗಿಸುತ್ತದಂತೆ. "ಬೆಳಗ್ಗೆ ಸಂಜೆ ಒಂದೊಂದು ಚಮಚ. ನಿನ್ನ ಹೆಂಡತಿಗೆ ಹೇಳಬೇಡ, ಸುಮ್ನೆ ರಂಪ ಮಾಡ್ತಾಳೆ" ಎಂದಳು. ಬೀಗದಣ್ಣ ತಿಂದ. ಬಾಯೆಲ್ಲ ಕಹಿಯಾಯಿತು. ಆದರೂ ಆಸ್ಪತ್ರೆಗೆ ಹೋಗುವುದು ತಪ್ಪಿತಲ್ಲ ಎಂದು ಎದೆ ಸ್ವಲ್ಪ ಹಗುರಾಯಿತು.

ಎರಡನೇ ಕೀಮೋ ಆಗಿ ಹತ್ತನೇ ದಿನ. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವನಿಗೆ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಹಲ್ಲು ಕಟಕಟ ಕುಟ್ಟಿಕೊಂಡವು. ಅವನು ಫೋನ್ ಮಾಡಿದ್ದಕ್ಕೆ ಅಕ್ಕ ಬಂದು ಎರಡು ಕಂಬಳಿ ಹೊದಿಸಿ, ಕಿಟಕಿ ಮುಚ್ಚಿದಳು. "ಬೆವರಿದ್ರೆ ಬಿಟ್ಟುಹೋಗುತ್ತೆ. ಅಲುಗಾಡಬೇಡ, ಮಲ್ಕೊ" ಎಂದು ಹಣೆಗೆ ಬಟ್ಟೆ ಹಾಕಿದಳು. ನಾಲ್ಕು ಗಂಟೆಗೆ ಹೆಂಡತಿ ಬಂದು ಥರ್ಮಾಮೀಟರ್ ಇಟ್ಟಳು. ನೂರಾ ಒಂದೂವರೆ. ಅವಳು ತಡಮಾಡದೆ ವಾರ್ಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಕೀಮೋ ಆಗಿ ಎಷ್ಟು ದಿನ ಆಯ್ತು?" ಕನ್ನಡಕದ ಸಿಸ್ಟರ್ ದನಿ.

"ಹತ್ತು ದಿನ ಸಿಸ್ಟರ್."

"ಹಾಗಾದ್ರೆ ಮನೇಲಿ ಮಾತ್ರೆ ಕೊಟ್ಟು ಕಾಯಬೇಡಿ. ಈ ದಿನಗಳಲ್ಲೇ ಮೈಯಲ್ಲಿ ಬಿಳಿ ರಕ್ತಕಣ ತುಂಬ ಕಡಿಮೆ ಇರುತ್ತೆ, ಸೋಂಕನ್ನ ತಡೆಯೋ ಶಕ್ತಿ ಇರಲ್ಲ. ಈಗಲೇ ಹೊರಡಿ. ಎಮರ್ಜೆನ್ಸೀಲಿ ಮೊದಲ ಮಾತೇ ಇದನ್ನ ಹೇಳಿ: ಕೀಮೋ ನಡೀತಿದೆ, ಜ್ವರ ಬಂದಿದೆ ಅಂತ. ಸಾಲಲ್ಲಿ ನಿಲ್ಲಬೇಡಿ."

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬೇಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಅಲ್ಲಿಗೆ ಜ್ವರದಲ್ಲಿ ಹೋದವರು ವಾಪಸ್ ಬರಲ್ಲ. ನಾನು ಕಣ್ಣಾರೆ ಕಂಡಿದ್ದೀನಿ."

ಕಂಬಳಿಯೊಳಗೆ ನಡುಗುತ್ತಿದ್ದ ಬೀಗದಣ್ಣ ಇಬ್ಬರನ್ನೂ ನೋಡಿದ. ಆಸ್ಪತ್ರೆ ಎಂದರೆ ಅವನಿಗೂ ಹೆದರಿಕೆಯೇ. ಆದರೆ ಈಗ ಮೈಯೊಳಗೆ ಏನೋ ಜಾರಿಹೋಗುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಕೋಣೆ ದೂರವಾಗುತ್ತಿತ್ತು, ಹೆಂಡತಿಯ ದನಿಯೂ ದೂರದಿಂದ ಬರುತ್ತಿತ್ತು. ಈ ಹೆದರಿಕೆಯ ಮುಂದೆ ಆಸ್ಪತ್ರೆಯ ಹೆದರಿಕೆ ಚಿಕ್ಕದಾಯಿತು.

"ಅಕ್ಕಾ" ಎಂದ. "ದಾರಿ ಬಿಡು."

ಅಕ್ಕ ಬಿಟ್ಟಳು. ಅಷ್ಟೇ ಅಲ್ಲ, ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವನ ಜೊತೆ ಆಟೋ ಹತ್ತಿದಳು.

ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು. ಒಂದು ಗಂಟೆಯೊಳಗೆ ಸೋಂಕು ತಡೆಯುವ ಔಷಧಿಯನ್ನು ರಕ್ತನಾಳಕ್ಕೆ ಏರಿಸಿದರು. ಆ ರಾತ್ರಿ, ಅದರ ಮರುದಿನ ಏನಾಯಿತೋ ಬೀಗದಣ್ಣನಿಗೆ ನೆನಪಿಲ್ಲ. ಡಾಕ್ಟರಮ್ಮ ಹೆಂಡತಿಯ ಹತ್ತಿರ "ಇನ್ನೂ ಏನೂ ಹೇಳೋಕಾಗಲ್ಲ" ಎಂದದ್ದು ಮಾತ್ರ ಕಿವಿಯಲ್ಲಿ ಉಳಿದಿತ್ತು. ಮೂರನೇ ದಿನ ಜ್ವರ ಇಳಿಯಿತು.

ಅವತ್ತು ಮಧ್ಯಾಹ್ನ ಅವನು ಕಣ್ಣು ಮುಚ್ಚಿ ಮಲಗಿದ್ದ. ಅಕ್ಕ ಪಕ್ಕದ ಸ್ಟೂಲಿನ ಮೇಲಿದ್ದಳು. ಕನ್ನಡಕದ ಸಿಸ್ಟರ್ ನೋಡಿಕೊಂಡು ಹೋಗಲು ಬಂದರು.

"ಜ್ವರ ಬಂದ ದಿನವೇ ಕರ್ಕೊಂಡು ಬಂದ್ರಲ್ಲ, ಅದೇ ಇವರನ್ನ ಉಳಿಸಿದ್ದು ಅಮ್ಮ. ತಡ ಆಗಿದ್ರೆ ತುಂಬ ಕಷ್ಟ ಇತ್ತು."

ಅಕ್ಕ "ಮೂರು ದಿನ ತಡ ಆಗಿದ್ರೆ?" ಎಂದು ಕೇಳಿದಳು.

ಸಿಸ್ಟರ್ ಅವಳ ಕಡೆ ತಿರುಗಿದರು.

"ನಮ್ಮ ಯಜಮಾನರಿಗೂ ಜ್ವರ ಬಂತು, ಮೂರನೇ ಕೀಮೋ ಆದ್ಮೇಲೆ. ಔಷಧಿ ಕಾವು ಅಂದ್ಕೊಂಡೆ. ಕಂಬಳಿ ಹೊದಿಸಿದೆ. ಮೂರು ದಿನ ಅವರ ತಲೆ ನನ್ನ ತೊಡೆ ಮೇಲೇ ಇತ್ತು ಸಿಸ್ಟರ್. ನಾಲ್ಕನೇ ದಿನ ಆಂಬುಲೆನ್ಸ್ ಬರೋ ಹೊತ್ತಿಗೆ ಮಾತು ನಿಂತಿತ್ತು." ಅವಳು ಸಿಸ್ಟರ್ ಕೈ ಹಿಡಿದುಕೊಂಡಳು. "ಮೊದಲ ದಿನವೇ ಕರ್ಕೊಂಡು ಬಂದಿದ್ರೆ ಉಳೀತಿದ್ರಾ? ನಾನೇ ಕೊಂದೆನಾ ಅವರನ್ನ?"

ಬೀಗದಣ್ಣ ಕಣ್ಣು ತೆರೆಯಲಿಲ್ಲ. ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮೂರು ವರ್ಷದಲ್ಲಿ ಅಕ್ಕ ಈ ಮೂರು ದಿನದ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಸಿಸ್ಟರ್ ಅವಳ ಮುಂದೆ ಮಂಡಿಯೂರಿ ಕೂತರು. "ಉಳೀತಿದ್ರು ಅಂತ ಹೇಳಲಾರೆ ಅಮ್ಮ. ಉಳೀತಿರ್ಲಿಲ್ಲ ಅಂತಲೂ ಹೇಳಲಾರೆ. ನಿಮ್ಮ ಹತ್ರ ಸುಳ್ಳು ಹೇಳಬಾರದು. ಒಂದು ಮಾತು ಕೇಳ್ತೀನಿ. ಜ್ವರ ಬಂದ್ರೆ ಓಡಿ ಬನ್ನಿ ಅಂತ ಅವತ್ತು ಯಾರಾದ್ರೂ ನಿಮ್ಮನ್ನ ಕೂರಿಸಿಕೊಂಡು ಹೇಳಿದ್ರಾ?"

"ಒಂದು ಕಾಗದ ಕೊಟ್ಟಿದ್ರು. ನಂಗೆ ಓದೋಕೆ ಬರಲ್ಲ."

"ಹಾಗಾದ್ರೆ ತಪ್ಪು ನಿಮ್ಮದಲ್ಲ. ಕಾಗದ ಕೊಟ್ಟು ಕೈತೊಳ್ಕೊಂಡ ನಮ್ಮಂಥವರದು." ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಮ್ಮಂಗೂ ನಾನು ಅರ್ಧ ಮಾತಾಡಿ ಕಾಗದ ಕೊಟ್ಟು ಹೋದೆ."

ಬೀಗದಣ್ಣನಿಗೆ ಓದಲು ಬರುತ್ತಿತ್ತು. ಆದರೂ ಅವನು ಓದಿರಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಸಂಜೆ ಡಾಕ್ಟರಮ್ಮ ಬಂದಾಗ ಅಕ್ಕ ತಾನೇ ಪುಡಿಯ ಪೊಟ್ಟಣ ತೆಗೆದು ಮಂಚದ ಮೇಲಿಟ್ಟಳು. "ಇದನ್ನ ನಾನೇ ತಿನ್ನಿಸಿದೆ. ಬೈದುಬಿಡಿ ಮೇಡಂ" ಎಂದಳು.

ಅವರು ಬೈಯಲಿಲ್ಲ. "ಇದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೀಮೋ ಜೊತೆ ಸೇರಿ ಲಿವರಿಗೆ, ರಕ್ತಕ್ಕೆ ತೊಂದರೆ ಮಾಡಬಹುದು. ಇನ್ಮೇಲೆ ಏನೇ ಕೊಡೋದಿದ್ರೂ ನನ್ನ ಕೇಳಿ ಕೊಡಿ" ಎಂದು ಪೊಟ್ಟಣ ಜೇಬಿಗಿಟ್ಟುಕೊಂಡರು.

ಬೀಗದಣ್ಣ ಆಗ ಬಾಯಿಬಿಟ್ಟ. ಗಂಟಲು ಕಟ್ಟಿದ್ದು, ಕೀಲಿ ಕೈಜಾರಿದ್ದು, ಮೂರನೇದಕ್ಕೆ ಬರಬಾರದು ಎಂದುಕೊಂಡದ್ದು, ಎಲ್ಲ ಹೇಳಿದ. ಡಾಕ್ಟರಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ನಿಮ್ಮ ಔಷಧಿಗಳಲ್ಲಿ ಒಂದು ನರಗಳಿಗೆ ಹೀಗೆ ಮಾಡುತ್ತೆ. ತಣ್ಣಗಿನದು ತಾಗಿದ್ರೆ ಜುಮ್ಮನ್ನೋದು ಸಾಮಾನ್ಯವಾಗಿ ಕೆಲವು ದಿನಕ್ಕೆ ಇಳಿಯುತ್ತೆ. ಗಂಟಲಿಗಾಗಿದ್ದೂ ಅದೇ. ಆದರೆ ಜೋಮು ಉಳ್ಕೊಂಡ್ರೆ ಪ್ರತಿ ಸಲ ನನಗೆ ಹೇಳಬೇಕು. ಔಷಧಿ ಕಡಿಮೆ ಮಾಡ್ತೀನಿ, ಬೇಕಾದ್ರೆ ಅದೊಂದನ್ನ ನಿಲ್ಲಿಸಿ ಉಳಿದಿದ್ದು ಮುಂದುವರಿಸ್ತೀನಿ. ನೀವು ಮುಚ್ಚಿಟ್ರೆ ನನಗೆ ತಿಳಿಯೋದು ಹೇಗೆ? ಹೆದರಿಕೆ ಆದ್ರೆ ಅದನ್ನೂ ಹೇಳಿ. ಹೇಳದೆ ಮನೇಲಿ ಉಳಿಯಬೇಡಿ."

ರಕ್ತಕಣ ಮೇಲೇರುವವರೆಗೆ ಕಾದು, ಒಂದು ವಾರ ತಡವಾಗಿ ಮೂರನೇ ಕೀಮೋ ಕೊಟ್ಟರು. ಅವತ್ತು ಅಕ್ಕ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದಳು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ತಮ್ಮನಿಗೆಂದು ಉಣ್ಣೆಯ ಕೈಗವಸು. ಸಿಸ್ಟರನ್ನು ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು ಕಾಗದದಲ್ಲಿದ್ದುದನ್ನೆಲ್ಲ ಎರಡು ಸಲ ಗಟ್ಟಿಯಾಗಿ ಓದಿಸಿದಳು. ಆಮೇಲೆ ತಾನೇ ಒಪ್ಪಿಸಿ ತೋರಿಸಿದಳು. ಸುಮ್ಮನೆ ಕೂರದೆ ಪಕ್ಕದ ಕುರ್ಚಿಯ ಮುದುಕರನ್ನೂ ಎಬ್ಬಿಸಿ, "ನಿಮ್ಮನೇಲಿ ಥರ್ಮಾಮೀಟರ್ ಇದೆಯಾ?" ಎಂದು ವಿಚಾರಿಸಿದಳು. ಅವರು ತಬ್ಬಿಬ್ಬಾಗಿ "ಇದೆ ತಾಯಿ" ಎಂದರು. ಹಲವು ದಿನಗಳ ಮೇಲೆ ಬೀಗದಣ್ಣನಿಗೆ ನಗು ಬಂತು.

ಹನ್ನೆರಡೂ ಸುಲಭವಾಗಿ ಆಗಲಿಲ್ಲ. ಐದನೆಯದರ ಹೊತ್ತಿಗೆ ಊಟದ ವಾಸನೆಯೂ ಆಗುತ್ತಿರಲಿಲ್ಲ. ಒಂಬತ್ತನೆಯದರಿಂದ, ಜೋಮು ಹೆಚ್ಚಾದ ಕಾರಣ, ನರಕ್ಕೆ ತೊಂದರೆ ಕೊಡುವ ಔಷಧಿಯನ್ನು ನಿಲ್ಲಿಸಿ ಉಳಿದದ್ದನ್ನು ಕೊಟ್ಟರು. ಪ್ರತಿ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವನಿಗೆ ಹೆದರಿಕೆಯಾಗುತ್ತಿತ್ತು. ಆದರೂ ಪ್ರತಿ ಸಲ ಹೋದ.

ಕೀಮೋ ಮುಗಿದು ಈಗ ವರ್ಷವಾಗುತ್ತ ಬಂತು. ಇದುವರೆಗಿನ ಸ್ಕ್ಯಾನುಗಳಲ್ಲಿ ಏನೂ ಕಂಡಿಲ್ಲ. ಮುಂದೆ ಏನೋ, ಯಾರೂ ಮಾತು ಕೊಟ್ಟಿಲ್ಲ. ಸ್ಕ್ಯಾನ್ ಇರುವ ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಬಲಗೈಯ ಎರಡು ಬೆರಳ ತುದಿಗೆ ಇನ್ನೂ ಸ್ಪರ್ಶ ಪೂರ್ತಿ ಬಂದಿಲ್ಲ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಈಗ ಟಾರ್ಚು ಹಿಡಿದು ನೋಡಿಕೊಂಡು ಮಾಡುತ್ತಾನೆ. ಹೊತ್ತು ಹಿಡಿಯುತ್ತದೆ. ಬೀಗ ತೆರೆಯುತ್ತದೆ.

ಇನ್ನೊಂದು ಸಂಗತಿ. ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದರೆ ಒಡಹುಟ್ಟಿದವರೂ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ಎರಡು ತಿಂಗಳು ನೆಪ ಹೇಳಿದಳು. ಕೊನೆಗೊಂದು ಬೆಳಗ್ಗೆ ತಮ್ಮನ ಅಂಗಡಿಯ ಮುಂದೆ ಬಂದು ನಿಂತು, "ನಡಿಯೋ, ಜೊತೇಲಿ ಬಾ. ಒಬ್ಬಳೇ ಹೋಗೋಕೆ ಹೆದರಿಕೆ ನಂಗೆ" ಎಂದಳು. ಅವಳ ಕರುಳಿನಲ್ಲಿ ಬಟಾಣಿ ಕಾಳಿನಷ್ಟು ಒಂದು ಗಂಟು ಸಿಕ್ಕಿತು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೊಂದು ದಿನ ಆಗಬಹುದಾಗಿತ್ತು. ಅಲ್ಲೇ, ಆಗಲೇ, ತೆಗೆದುಹಾಕಿದರು.

ಇದನ್ನು ಓದುತ್ತಿರುವವರೇ, ಇನ್ನೊಬ್ಬರಿಂದ ಓದಿಸಿಕೊಂಡು ಕೇಳುತ್ತಿರುವವರೇ, ನಿಮಗೊಂದು ಮಾತು.

ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ವಯಸ್ಸು ಎಷ್ಟೇ ಇರಲಿ, ಡಾಕ್ಟರಿಗೆ ತೋರಿಸಿ. ಪೈಲ್ಸೇ ಇರಬಹುದು, ಆದರೆ ಅದನ್ನು ಅವರು ನೋಡಿ ಹೇಳಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ ಒಂದು ಥರ್ಮಾಮೀಟರ್ ತಂದಿಡಿ, ಆಸ್ಪತ್ರೆಯ ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಜ್ವರ ನೂರು ದಾಟಿ 100.4 ಮುಟ್ಟಿದರೆ, ಅಥವಾ ಚಳಿ ಹತ್ತಿ ನಡುಕ ಬಂದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ. ಪುಡಿ, ಕಷಾಯ ಏನಿದ್ದರೂ ಡಾಕ್ಟರಿಗೆ ತಿಳಿಸದೆ ಕೊಡಬೇಡಿ. ಕೊಟ್ಟ ಕಾಗದ ಅರ್ಥವಾಗದಿದ್ದರೆ "ಇನ್ನೊಂದು ಸಲ ಹೇಳಿ" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೆದರಿಕೆ ಇದ್ದೇ ಇರುತ್ತದೆ. ಅದು ಹೋಗಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಹೆದರಿಕೊಂಡೇ ಹೋಗಿ. ಆದರೆ ಹೋಗಿ.